ನಲ್ಲಿ ಬಿಟ್ಟಾಂವ

ನಾ ಕಂಡ ಮಂದಿಯೊಳಗ ಚಾಚಾನಷ್ಟು ಅಂಜು ಮನುಷ್ಯಾ ಮತ್ತೊಬ್ಬ ಇಲ್ಲ. ನಾಯಿ ಬೊಗಳಿದ್ರ ಅಂಜತಿದ್ರು, ಲಿಫ್ಟಿನ ಬಾಗಲಾ ಮುಚ್ಚಿದ್ರ ಅಂಜತಿದ್ರು, ಫೋನ್ ಬಂದ್ರ ಮೊದಲ ಎದಿ ಮ್ಯಾಲ ಕೈ ಇಟ್ಕೊಂಡು ಆಮ್ಯಾಲ ಹಲೋ ಅಂತಿದ್ರು. ಹಿಂತಾ ಮನುಷ್ಯಾನ ಸಂಗಟ ನಾ ಇಪ್ಪತ್ತಾರು ದಿನ ನಡುಸಮುದ್ರದಾಗ ಒಂದ ಹಾಯಿಹಡಗದ ಮ್ಯಾಲ ಇದ್ದೆ ಅಂದ್ರ ಇವತ್ತಿಗೂ ಟಿಕೋಟಾದ ಮಂದಿ ನಂಬೂದಿಲ್ಲ.

ಅವ್ರು ಹೋದ ಸುದ್ದಿ ನನಗ ಗೊತ್ತಾಗಿದ್ದು ಬಿಜಾಪುರದ ಗಾಂಧಿ ಚೌಕದಾಗ, ಪಂಪಿನ ಬೇರಿಂಗ್ ಕೊಳ್ಳಾಕ ಹೋದಾಗ. ಅಂಗಡಿಯಾಂವ ಬೇರಿಂಗ್ ಕಾಗದದಾಗ ಸುತ್ತಿಕೋತ, "ನಿಮ್ಮ ಹಡಗದ ಚಾಚಾ ಹೋದ್ರಲ್ರೀ, ಒಂಬತ್ತು ದಿನ ಆತು. ಮಣ್ಣಿಗೆ ನೀವು ಕಾಣಲೇ ಇಲ್ಲಾ?" ಅಂದ. ನಾ ನಿಂತಲ್ಲೇ ನಿಂತೆ. ಖರೇ ಹೇಳ್ತೇನಿ, ಮೊದಲ ದುಃಖ ಆಗಲಿಲ್ಲ, ಅಂಜಿಕಿ ಆತು. ಅವರಿಗೆ ಹೇಳಬೇಕಾದ ಒಂದ ಮಾತು ಹನ್ನೊಂದು ವರ್ಷದಿಂದ ನನ್ನ ಹೊಟ್ಟಿಯಾಗ ಕುಂತಿತ್ತು. ನಾಳೆ ಹೇಳೋಣು, ನಾಡದ ಹೇಳೋಣು ಅಂತ ದಿನಾ ದೂಡಿದ್ದೆ. ಈಗ ಯಾರಿಗೆ ಹೇಳಲಿ?

ಚಾಚಾನ ಹೆಸರು ಇಲ್ಲೆ ಬರಿಯೂದಿಲ್ಲ. ಹೆಸರು ಬರದ್ರ ಪೇಪರಿನ್ಯಾಗ ಬರ್ತೈತಿ, ಪೇಪರಿನ್ಯಾಗ ಬಂದ್ರ ಪೊಲೀಸರು ಬರ್ತಾರ ಅಂತ ಅಂಜಾವ್ರು ಅವ್ರು. ಸತ್ತ ಮ್ಯಾಲರ ಅವರಿಗೆ ಆ ಅಂಜಿಕಿ ಬ್ಯಾಡ.

ನಾ ಆಗ ಗೋವಾದಾಗ ದೋಣಿ ರಿಪೇರಿ ಮಾಡು ಒಂದ ಯಾರ್ಡಿನ್ಯಾಗ ಕೆಲಸಕ್ಕಿದ್ದೆ. ಡೀಸೆಲ್ ಇಂಜಿನ್ ಬಿಚ್ಚೂದು, ಕೂಡಸೂದು ನನ್ನ ಕಸುಬು. ಒಬ್ಬ ಸಾಹುಕಾರ ತನ್ನ ಯಾಟ್, ಅಂದ್ರ ಮೋಜಿನ ಹಾಯಿಹಡಗ, ಮಾರಿಷಸ್‌ಗೆ ಮುಟ್ಟಸಬೇಕಂದ. ಗೋವಾದ ಒಬ್ಬ ಕ್ಯಾಪ್ಟನ್, ಹಗ್ಗ ಹಾಯಿ ನೋಡಾಕ ಕೊಂಕಣದ ಒಬ್ಬ ಖಲಾಶಿ, ಇಂಜಿನ್ನಿಗೆ ನಾನು, ಅಡಗಿಗೆ ಇನ್ನೊಬ್ಬ. ನಾಕೇ ಮಂದಿ. ಆ ಇನ್ನೊಬ್ಬ ಯಾರು ಅಂತ ನೋಡಾಕ ಧಕ್ಕೆಗೆ ಹೋದ್ರ, ಒಂದ ತಗಡಿನ ಟ್ರಂಕು ಅಪ್ಪಿಕೊಂಡು ನಿಂತಿದ್ರು ಇವ್ರು. ಬಿಳೇ ಕುರುಚಲು ಗಡ್ಡ, ಕಾಲಾಗ ಪ್ಲಾಸ್ಟಿಕ್ ಚಪ್ಪಲಿ. ಹಲಗಿ ಮ್ಯಾಲ ಒಂದ ಕಾಲ ಇಡತಿದ್ರು, ತಗೀತಿದ್ರು. ಬಾಯಾಗ, "ಯಾ ಅಲ್ಲಾ, ಇದು ಅಲಗಾಡಾಕತ್ತೈತಿ" ಅಂತಿದ್ರು.

ಆ 'ಅಲಗಾಡಾಕತ್ತೈತಿ' ಕೇಳಿ ನನ್ನ ಜೀವಕ್ಕ ಜೀವ ಬಂತು.

"ಯಾ ಊರ್ರಿ?" ಅಂದೆ.

"ಬಿಜಾಪುರಪಾ. ಗಾಂಧಿ ಚೌಕದ ಹಿಂದಿನ ಓಣಿ. ನೀ?"

"ಟಿಕೋಟಾ ರೀ."

"ಹಾಂ, ಒಣದ್ರಾಕ್ಷಿ ಊರಾಂವ! ಹಂಗಾರ ನನ್ನ ಕೈ ಹಿಡಿ ತಮ್ಮಾ, ಈ ಹಲಗಿ ದಾಟಸು."

ಕೈ ಹಿಡದು ದಾಟಸಿದೆ. ಆ ಕೈ ಐಸ್ ಆಗಿತ್ತು. ಅಷ್ಟ ಅಂಜಿಕಿ ಇದ್ರ ಯಾಕ ಬಂದ್ರಿ ಅಂತ ಆಮ್ಯಾಲ ಒಂದಿನ ಕೇಳಿದೆ. ಅವ್ರು ದುಡಿಯು ಹೋಟೆಲಿನ ಮಾಲಕ, ಈ ಸಾಹುಕಾರನ ಗೆಳ್ಯಾ. "ಹೋಗ್ತೀಯೇನು" ಅಂತ ಕೇಳ್ಯಾನ. "ಇಲ್ಲ ಅನ್ನಾಕ ಅಂಜಿಕಿ ಆತು" ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ. ಸಮುದ್ರಕ್ಕ ಹೋಗೂಕಿಂತ ಒಬ್ಬ ಮನುಷ್ಯಾನ ಮಾರಿ ನೋಡಿ ಇಲ್ಲ ಅನ್ನೂದು ಅವರಿಗೆ ಹೆಚ್ಚಿನ ಗಂಡಾಂತರ.

ಯಾಟ್ ಅಂದ್ರ ಫೋಟೋದಾಗ ಭಾಳ ಚಂದ ಕಾಣ್ತೈತಿ. ಒಳಗ ಇರೂದಂದ್ರ ಕಪಾಟಿನ್ಯಾಗ ಸಂಸಾರ ಮಾಡಿದಂಗ. ನೆಲ ಯಾವಾಗೂ ಒಂದ ಕಡೆ ವಾಲಿಕೊಂಡಿರ್ತೈತಿ. ಮಲಗಿದ್ರ ಉಳ್ಳಿ ಬೀಳಬಾರದಂತ ಹಾಸಿಗಿ ಬದಿಗೆ ಬಟ್ಟಿ ಕಟ್ಟಿಕೋಬೇಕು. ಮೂರ ಮೂರ ತಾಸಿನ ಪಾಳಿ: ಮೂರ ತಾಸು ಮ್ಯಾಲ ಕುಂತು ಗಾಳಿ, ಹಾಯಿ, ದೂರದ ಹಡಗ ನೋಡಬೇಕು, ಮತ್ತ ಕೆಳಗ ಬಂದು ಬಿದ್ದಕೋಬೇಕು. ಬಟ್ಟಿ, ಹಾಸಿಗಿ, ಗಡ್ಡ, ಎಲ್ಲಾ ಉಪ್ಪು. ಮುಂಜಾನೆದ್ದು ನೋಡಿದ್ರ ಸುತ್ತೂಕಡೆ ನೀರು, ನಿನ್ನಿನ ನೀರೋ ಇವತ್ತಿನ ನೀರೋ ಗೊತ್ತಾಗೂದಿಲ್ಲ. ನಮ್ಮ ಕಡೆ ಬಯಲಾಗ ಎಲ್ಲೆರ ಒಂದ ಬೇವಿನ ಗಿಡ ಆದ್ರೂ ಕಾಣ್ತೈತಿ, ಗೋಲಗುಮ್ಮಟ ಹತ್ತು ಹರದಾರಿಯಿಂದ ಕಾಣ್ತೈತಿ. ಅಲ್ಲೆ ಕಣ್ಣಿಗೆ ಹಿಡಕೊಳ್ಳಾಕ ಏನೂ ಇಲ್ಲ. ಮೂರನೇ ದಿನಕ್ಕ ನನಗೂ ಎದಿ ಡವಡವ ಸುರು ಆತು. ನಾ ಯಾರಿಗೂ ಹೇಳಲಿಲ್ಲ. ಚಾಚಾ ಮಾತ್ರ ಎಲ್ಲಾರ ಮುಂದ ಹೇಳಿ ಅಂಜತಿದ್ರು.

ಅಂಜೂದರಾಗೂ ಅವರದೊಂದು ಶಿಸ್ತಿತ್ತು. ಒಲಿ ತೊಟ್ಟಿಲದಂಗ ತೂಗಾಡತಿತ್ತು, ಹಡಗ ವಾಲಿದ್ರೂ ಪಾತೇಲಿ ನೆಟ್ಟಗ ಇರಲಿ ಅಂತ ಹಂಗ ಕೂಡಿಸಿರ್ತಾರ. ಚಾಚಾ ಸೊಂಟಕ್ಕ ಪಟ್ಟಾ ಬಿಗಿದು, ಅದನ್ನ ಗ್ವಾಡಿ ಕೊಂಡಿಗೆ ಸಿಗಿಸಿ, ಬಿಸ್ಮಿಲ್ಲಾ ಅಂದು ಗ್ಯಾಸ್ ಹಚ್ಚತಿದ್ರು. ಅಡಗಿ ಮುಗಿದ ಮ್ಯಾಲ ಗ್ಯಾಸಿನ ಕೀಲಿ ತಿರುವಿ ಮೂರ ಸಲ ಮುಟ್ಟಿ ನೋಡತಿದ್ರು. ಎರಡ ಹೆಜ್ಜಿ ಹೋಗಿ ಮತ್ತ ಬಂದು ಮುಟ್ಟತಿದ್ರು. ಖಲಾಶಿ ನಕ್ಕ್ರ, "ನಗಪಾ, ನಗು. ಅಂಜಿದಾಂವ ಊರ ಮುಟ್ಟತಾನ" ಅಂತಿದ್ರು. ಇದು ಅವರ ಮಂತ್ರ. ದಿನಕ್ಕ ಹತ್ತ ಸಲ ಕೇಳಿ ಕೇಳಿ ನಮಗೆಲ್ಲಾ ಬಾಯಿಪಾಠ ಆಗಿತ್ತು.

ಆ ತಗಡಿನ ಟ್ರಂಕಿನ ತುಂಬ ಜ್ವಾಳದ ಕಟಕ ರೊಟ್ಟಿ. ಚಾಚಿ ನಿಡೋಣಿ ಊರಾಕಿ. ಹದಿನೈದು ದಿನ ಕುಂತು ಬಡದು, ಒಣಗಿಸಿ, ಹಳೇ ಸೀರಿಯಾಗ ಸುತ್ತಿ ಕಳಸಿದ್ರಂತ. ಸಂಗಟ ಶೇಂಗಾ ಚಟ್ನಿ, ಆಕಿ ತವರಮನಿ ಹೊಲದ ಉಳ್ಳಾಗಡ್ಡಿ ಒಂದ ಚೀಲ. ಕ್ಯಾಪ್ಟನ್ ತಂದ ಬ್ರೆಡ್ ಒಂಬತ್ತನೇ ದಿನಕ್ಕ ಹಸಿರು ಬೂಸಲಾ ಹಿಡದು ಸಮುದ್ರಕ್ಕ ಹೋತು. ಆ ಮ್ಯಾಲ ನಾಕೂ ಮಂದಿ ಹಲ್ಲಿನ್ಯಾಗ ಕಟಕಟ ಅನಿಸಿಕೋತ ನಿಡೋಣಿ ರೊಟ್ಟೀನೇ ತಿಂದ್ವಿ.

ಆ ಉಳ್ಳಾಗಡ್ಡಿ ಮ್ಯಾಲಿನ ಕರಿ ಮಣ್ಣು ಒರಸಾಕ ಚಾಚಾ ಯಾರಿಗೂ ಬಿಡತಿರಲಿಲ್ಲ. ಗಾಳಿ ಜೋರಾಗಿ ಹಡಗ ಕಿರಗುಟ್ಟಿತಂದ್ರ ಒಂದ ಉಳ್ಳಾಗಡ್ಡಿ ತಗೊಂಡು ಮೂಗಿಗೆ ಹಿಡಕೊಂಡು ಕುಂಡ್ರತಿದ್ರು. "ನೆಲದ ವಾಸನಿ ತಮ್ಮಾ. ಇದು ಮೂಗಿನ್ಯಾಗ ಇರೂತನಕ ನಾ ಮುಳುಗೂದಿಲ್ಲ ಅನಿಸ್ತೈತಿ." ಒಮ್ಮಿ ನನಗೂ ಕೊಟ್ರು. ಮೊದಲ ನಾಚಿಕಿ ಬಂತು. ಆಮ್ಯಾಲ ನಾನೂ ಮೂಗಿಗೆ ಹಿಡಕೊಂಡೆ. ಮಳಿ ಬಿದ್ದ ಎರಿ ಹೊಲದ ವಾಸನಿ ಇತ್ತು. ಕಣ್ಣಾಗ ನೀರ ಬಂದ್ವು, ಉಳ್ಳಾಗಡ್ಡಿಗೆ ಅಂತ ಹೇಳಿ ಪಾರಾದೆ.

ಇನ್ನ ನೀರಿನ ಮಾತು. ಸಮುದ್ರದ ನೀರು ಸಿಹಿ ಮಾಡು ಒಂದ ಮಷಿನ್ ಇತ್ತು. ಅದು ಐದನೇ ದಿನ ಕೆಟ್ಟ ಕುಂತಿತು. ನಾ ಎರಡ ದಿನ ಬಿಚ್ಚಿ ಕೂಡಸಿದೆ, ನನ್ನಪ್ಪನಾಣಿ ನಡೀಲಿಲ್ಲ. ಕ್ಯಾಪ್ಟನ್ ನನ್ನ ಕಡೆ ನೋಡಿದ ನೋಟಕ್ಕ ನಾ ನೆಲ ನೋಡಿದೆ. ಉಳದದ್ದು ಟಾಕಿಯಾಗಿನ ನೀರು ಅಷ್ಟೇ. ಅವತ್ತಿನಿಂದ ಪಂಪಿನ ಸ್ವಿಚ್ಚು ಕ್ಯಾಪ್ಟನ್ನನ ಕೈಯಾಗ: ಮುಂಜಾನೆ ಅರ್ಧ ತಾಸು, ಸಂಜಿಕೆ ಅರ್ಧ ತಾಸು. ಉಳದ ಹೊತ್ತಿನ್ಯಾಗ ನಲ್ಲಿ ತಿರುವಿದ್ರ ಗಾಳಿನೂ ಬರ್ತಿರಲಿಲ್ಲ. ಜಳಕಾ, ಭಾಂಡೆ, ಬಟ್ಟಿ ಎಲ್ಲಾ ಬಕೀಟಿನಿಂದ ಸೇದಿದ ಉಪ್ಪನೀರಿನ್ಯಾಗ. ಖಲಾಶಿ ಗೊಣಗಿದ. ನಮಗಿಬ್ಬರಿಗೆ ಅದೇನ ಹೊಸಾದಲ್ಲ. ಚಾಚಾ ನಕ್ಕೋತ, "ನಮ್ಮ ಓಣಿಕಿಂತ ಚಲೋ ಐತಲ್ಲೋ, ದಿನಾ ಎರಡ ಸಲ ನೀರು!" ಅಂದ್ರು.

ನಮ್ಮ ಕಡೆ ಒಂದ ರೂಢಿ ಐತಿ, ಗೊತ್ತಿದ್ದವರಿಗೆ ಗೊತ್ತು. ನಲ್ಲಿ ತಿರುವತೀವಿ. ನೀರ ಇಲ್ಲ. ಮುಚ್ಚೂದಿಲ್ಲ, ಹಂಗೇ ಬಿಟ್ಟು ಕೆಳಗೊಂದ ಕೊಡ ಇಟ್ಟು ನಮ್ಮ ಕೆಲಸಕ್ಕ ಹೋಗ್ತೀವಿ. ನೀರ ಬಂದ್ರ ಕೊಡದಾಗ ಬೀಳು ಸಪ್ಪಳ ಕೇಳಿ ಓಡಿ ಬರ್ತೀವಿ. ಮುಚ್ಚಿದ ನಲ್ಲಿಗೆ ನೀರ ಬಂದದ್ದು ಹ್ಯಾಂಗ ಗೊತ್ತಾಗಬೇಕು? ಬಿಜಾಪುರದಾಗ ಹುಟ್ಟಿದ ಕೂಸಿಗೂ ಇದು ಗೊತ್ತು. ನಲ್ಲಿ ಬಿಟ್ಟಿಡೂದು ನಮಗ ಮರವು ಅಲ್ಲ, ಶಾಣ್ಯಾತನ.

ಹದಿನಾರನೇ ದಿನ ಮಧ್ಯಾಹ್ನ ನಾ ಇಂಜಿನ್ನಿನ ಫಿಲ್ಟರ್ ಬದಲಿ ಮಾಡಿ, ಕೈತುಂಬ ಎಣ್ಣಿ ಮೆತ್ತಿಕೊಂಡು ಮುಂದಿನ ಬಚ್ಚಲಕ್ಕ ಹೋದೆ. ನಲ್ಲಿ ತಿರುವಿದೆ. ನೀರಿಲ್ಲ. ಇಲ್ಲಂತ ಗೊತ್ತಿತ್ತು, ಕೈ ತನ್ನ ರೂಢಿಗೆ ತಿರುವಿತು. ಅರಬಿಗೆ ಕೈ ಒರಸಿಕೊಂಡು ಹೊರಗ ಬಂದೆ. ನಲ್ಲಿ ಮುಚ್ಚಲಿಲ್ಲ.

ಸಂಜಿಕೆ ಕ್ಯಾಪ್ಟನ್ ಪಂಪ್ ಚಾಲೂ ಮಾಡ್ಯಾನ. ಐದ ನಿಮಿಷ ಆಗಿತ್ತೋ ಇಲ್ಲೋ, ಮ್ಯಾಲಿಂದ ಖಲಾಶಿ ಚೀರಿದ. ನೋಡಿದ್ರ ಮೋಡ ಅಲ್ಲ, ಕರೀ ಗ್ವಾಡಿನೇ ಎದ್ದು ಬರಾಕತ್ತಿತ್ತು. ನಾಕೂ ಮಂದಿ ಮ್ಯಾಲ ಓಡಿದ್ವಿ. ಹಾಯಿ ಇಳಸೂದರಾಗ ಹಡಗ ಹ್ಯಾಂಗ ವಾಲಿತಂದ್ರ ಒಂದ ಬದಿ ಕಟಕಟಿ ನೀರಾಗ ಹೋತು. ಮಳಿ ನಾಕ ಹನಿ, ಗಾಳಿ ಮಾತ್ರ ಹುಚ್ಚ ಗಾಳಿ. ಚಾಚಾ ಹಗ್ಗ ಹಿಡಕೊಂಡು ಕಣ್ಣ ಮುಚ್ಚಿ ಕಲಮಾ ಓದಾಕತ್ತಿದ್ರು, ಖರೆ ಹಗ್ಗ ಬಿಡಲಿಲ್ಲ. ನಾ ಅವ್ರ ಸೊಂಟದ ಪಟ್ಟಾ ಹಿಡಕೊಂಡಿದ್ದೆ, ಅವ್ರು ನನ್ನ ಅಂಗಿ ಹಿಡಕೊಂಡಿದ್ರು. ಸತ್ವಿ ಅಂದ್ಕೊಂಡೆ. ಎರಡ ತಾಸು ಹಂಗ ಹೋತು.

ಗಾಳಿ ನಿಂತ ಮ್ಯಾಲ ಮೆಟ್ಟಲಾ ಇಳದು ಬರೂದಕ್ಕ ನನ್ನ ಕಿವಿಗೆ ಒಂದ ಸಪ್ಪಳ ಬಿತ್ತು. ಪಂಪ್ ನೀರಿಲ್ಲದ ಒಣಾ ತಿರಗಾಕತ್ತಿತ್ತು. ಹೊಲದಾಗ ಬೋರ್ ಬತ್ತಿದಾಗ ಮೋಟರ್ ಹಂಗೇ ಒದರ್ತೈತಿ, ಆ ಸಪ್ಪಳ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಓಡಿ ಹೋಗಿ ನೋಡಿದೆ. ಮುಂದಿನ ಬಚ್ಚಲದ ನಲ್ಲಿ ಬಾಯಿ ತಗದುಕೊಂಡು ನಿಂತಿತ್ತು. ಟಾಕಿ ನೀರೆಲ್ಲಾ ಆ ನಲ್ಲಿಯಿಂದ ಮೋರಿಗೆ, ಮೋರಿಯಿಂದ ಸಮುದ್ರಕ್ಕ ಹೋಗಿದ್ವು. ದಂಡಿ ಇನ್ನೂ ಹತ್ತು ದಿನದ ದೂರ.

ಕ್ಯಾಪ್ಟನ್ ನಮ್ಮನ್ನ ನಿಲ್ಲಿಸಿ ಹಿಂದಿಯೊಳಗ ಕೇಳಿದ, "ನಲ್ಲಿ ಬಿಟ್ಟಾಂವ ಯಾರು?" ಒಬ್ಬೊಬ್ಬರ ಮಾರಿ ನೋಡಿದ. "ಯಾರಂತ ಗೊತ್ತಾದ್ರ ಮೊದಲನೇ ಬಂದರದಾಗ ಇಳಸ್ತೇನಿ, ಮತ್ತ ಅವ ಜನ್ಮದಾಗ ಹಡಗ ಹತ್ತಬಾರದು, ಹಂಗ ಮಾಡ್ತೇನಿ" ಅಂದ. ಖಲಾಶಿ, "ಬಂದರ ಯಾಕ, ಇಲ್ಲೇ ಇಳಸ್ರಿ" ಅಂದ. ನಗಲಿಲ್ಲ ಅವ. ಮಷಿನ್ ದುರಸ್ತಿ ಮಾಡಾಕ ಬರಲಿಲ್ಲಂತ ಮೊದಲೇ ನನ್ನ ತಲಿ ಮ್ಯಾಲ ಒಂದ ಕಲ್ಲಿತ್ತು.

ಆಗ ಚಾಚಾ ನನ್ನ ಕಡೆ ಹೊಳ್ಳಿದ್ರು. ಉಳದಾವರಿಗೆ ತಿಳೀಬಾರದಂತ ನಮ್ಮ ಮಾತಿನ್ಯಾಗ ಕೇಳಿದ್ರು.

"ತಮ್ಮಾ, ಆ ಬಚ್ಚಲಕ್ಕ ಹೋಗಾವರು ನಾವಿಬ್ಬರೇ. ನೀ ಏನರ ಆ ನಲ್ಲಿ ತಿರುವಿದ್ದೇನು?"

"ಇಲ್ರಿ ಚಾಚಾ" ಅಂದೆ.

ನನ್ನ ಮಾರಿ ನೋಡಿದ್ರು. ಸಂಶೆ ಪಡಲಿಲ್ಲ. ನಂಬಿದ್ರು. "ಹಂಗಾರ ನಾನೇ. ಮಧ್ಯಾಹ್ನ ವಾಂತಿ ಆಗಿ ಮಾರಿ ತೊಳಿಯಾಕ ಹೋಗಿದ್ದೆ. ತಿರುವಿದ್ದು ನೆನಪೈತಿ, ಮುಚ್ಚಿದ್ದು ನೆನಪಿಲ್ಲ" ಅಂದ್ರು. ಅಂದು, ಸಾಲಿಯಾಗ ಹುಡುಗೂರು ಎತ್ತಿದಂಗ ಕೈ ಎತ್ತಿದ್ರು. ಮಾಲಕನ ಮುಂದ ಇಲ್ಲ ಅನ್ನಾಕ ಅಂಜಿದ ಮನುಷ್ಯಾ ಕ್ಯಾಪ್ಟನ್ನನ ಮುಂದ ನಾನು ಅಂತ ಹೇಳಿದ್ರು. ನಾ ನನ್ನ ಕೈ ಎತ್ತಲಿಲ್ಲ.

ಅವತ್ತು ಕ್ಯಾಪ್ಟನ್ ಅಂದದ್ದನ್ನ ನಾ ಬರಿಯೂದಿಲ್ಲ. ಚಾಚಾ ತಲಿ ತಗ್ಗಿಸಿ ಎಲ್ಲಾ ಕೇಳಿದ್ರು. ಬೆಳಗಾದ ಮ್ಯಾಲ ನನ್ನ ಹಾಸಿಗಿ ಕಡೆ ಬಂದು, "ತಮ್ಮಾ, ಇನ್ನೊಂದ ತಪ್ಪ ಮಾಡೇನಿ. ಸಾಹೇಬರಿಗೆ ನೀನೇ ಹೇಳು, ನನಗ ಅಂಜಿಕಿ" ಅಂದ್ರು. ಅವ್ರ ಹಾಸಿಗಿ ಕೆಳಗಿನ ಹಲಗಿ ಎತ್ತಿ ತೋರಸಿದ್ರು. ಎಣ್ಣಿ ಡಬ್ಬಿ, ಸೋಡಾ ಬಾಟಲಿ, ಉಪ್ಪಿನಕಾಯಿ ಬರಣಿ, ಎಲ್ಲಾದರ ತುಂಬ ನೀರು! ಉಳ್ಳಾಗಡ್ಡಿ ಚೀಲದ ಹಿಂದ ಇನ್ನಷ್ಟು. ಗೋವಾ ಬಿಡೂ ಮುಂದ ಧಕ್ಕೆಯ ಪೈಪಿನಿಂದ ತುಂಬಿಕೊಂಡಿದ್ರಂತ. ಕ್ಯಾಪ್ಟನ್ ನೋಡಿ, ಭಾರ ಆಕ್ಕೈತಿ, ಚೆಲ್ಲು ಅಂದಿದ್ದ. ಇವ್ರು ಹೂಂ ಅಂದು ಮುಚ್ಚಿಟ್ಟಿದ್ರು.

"ನೀರ ಚೆಲ್ಲಾಕ ಕೈ ಬರಲಿಲ್ಲೋ. ನೀರ ಬಂದಾಗ ಮನ್ಯಾಗಿನ ಚಮಚಾ ಸೈತ ತುಂಬಿಡಾವ್ರು ನಾವು" ಅಂದ್ರು.

ಅಳದ್ರ ಎಂಬತ್ತು ಲೀಟರ್ ಆತು. ಒಬ್ಬೊಬ್ಬರಿಗೆ ದಿನಕ್ಕ ಎರಡು, ಹತ್ತ ದಿನ. ಅದರಾಗೇ ಅಡಗಿ, ಅದರಾಗೇ ಚಾ. ಕ್ಯಾಪ್ಟನ್ ಬಾಟಲಿ ನೋಡಿದ, ಚಾಚಾನ ನೋಡಿದ. ಜೀವ ಉಳಿಸಿದಿ ಅನ್ನಬೇಕಾಗಿತ್ತು. ನೀರ ಚೆಲ್ಲಿದಾಂವನೂ ಇವನೇ ಅಂತ ಬಾಯಿಗೆ ಬರಲಿಲ್ಲೇನೋ.

ಆ ಹತ್ತ ದಿನದ ಅಂಜಿಕಿ ಈಗ ನೆನಸಿದ್ರೂ ಗಂಟಲಾ ಒಣಗ್ತೈತಿ. ಎರಡ ಲೀಟರ್ ಸಾಕಾಗ್ತೈತಿ ಅಂತೀರಿ, ಬಿಸಲಾಗ ಉಪ್ಪುಗಾಳಿಯೊಳಗ ಕುಂತ ನೋಡ್ರಿ. ಗಾಳಿ ಬಿದ್ದು ಹತ್ತ ದಿನ ಹದಿನೈದಾದ್ರ? ಎಲ್ಲಾರ ತಲಿಯಾಗೂ ಅದೊಂದೇ. ಮಾತು ಕಡಿಮಿ ಆದ್ವು. ತುಟಿ ಸೀಳಿದ್ವು. ಅನ್ನಕ್ಕ ಚಾಚಾ ಅರ್ಧ ಸಮುದ್ರದ ನೀರು ಹಾಕಿ ಕುದಿಸತಿದ್ರು, ಉಪ್ಪಿನ ಖರ್ಚಿಲ್ಲ ನೋಡ್ರಿ ಅಂತಿದ್ರು, ಯಾರೂ ನಗತಿರಲಿಲ್ಲ. ನೀರ ಅಳಿಯೂದು ಅವ್ರ ಕೆಲಸ. ಬಾಟಲಿ ಮುಚ್ಚಳದಾಗ ಅಳದು, ಎಲ್ಲಾರಿಗೂ ಕೊಟ್ಟು, ಕಡೀಕ ತಾವು ತಗೊಂತಿದ್ರು. ಗ್ಯಾಸ್ ಮೂರ ಸಲ ಮುಟ್ಟತಿದ್ದಾವ್ರು ಈಗ ಮುಚ್ಚಿದ ಬಾಟಲಿ ಹತ್ತ ಸಲ ಮುಟ್ಟಾಕತ್ತಿದ್ರು. ಖಲಾಶಿ ಅವ್ರ ಕೈಯಿಂದ ನೀರ ಇಸಗೊಂಡು ಮಾರಿ ಹೊಳ್ಳಿಸಿಕೊಂಡು ಕುಡೀತಿದ್ದ.

ಒಂದಿನ ಮುಂಜಾನೆ ಪಾಳಿಯೊಳಗ ನನ್ನ ಬಾಜೂಕ ಬಂದು ಕುಂತ್ರು. "ಮಾಫ್ ಮಾಡು ತಮ್ಮಾ. ನಿನ್ನ ಹೆಂಡ್ತಿ ಬಸರಿ ಅದಾಳಂದಿದ್ದಿ. ನಿನಗೇನರ ಆದ್ರ ಆ ಹುಡುಗಿ ಮಾರಿ ನಾ ಹ್ಯಾಂಗ ನೋಡ್ಲಿ? ಗ್ಯಾಸ್ ಮೂರ ಸಲ ಮುಟ್ಟಿ ನೋಡಾಂವ ನಾನು, ಆ ಒಂದ ನಲ್ಲಿ ಹ್ಯಾಂಗ ಬಿಟ್ಟೆ?" ಅಂದ್ರು.

"ಇರಲಿ ಬಿಡ್ರಿ ಚಾಚಾ" ಅಂದೆ ನಾನು.

ಇರಲಿ ಬಿಡ್ರಿ ಅಂತ! ಬಾಯಾಗಿನ ನಾಲಗಿ ಸೇದಿ ಹೋಗಬಾರದಿತ್ತೇನು ನಂದು? ಹೇಳಾಕ ಅದಕ್ಕಿಂತ ಚಲೋ ಹೊತ್ತು ಮತ್ತೊಂದಿರಲಿಲ್ಲ. ಹೊತ್ತು ಮೂಡಾಕತ್ತಿತ್ತು, ಇಬ್ಬರೇ ಇದ್ವಿ. ಖರೆ ಹೇಳಿದ್ರ ಅವ್ರು ನನ್ನ ಬಡೀತಿರಲಿಲ್ಲ, ಬಯ್ಯತಿರಲಿಲ್ಲ. ಕ್ಯಾಪ್ಟನ್ನಗ ಗೊತ್ತಾದ್ರ, ಖಲಾಶಿಗೆ ಗೊತ್ತಾದ್ರ, ಕೆಲಸ ಹೋದ್ರ, ಅಂತ ನನ್ನ ಅಂಜಿಕಿ ನನ್ನ ಬಾಯಿ ಹಿಡೀತು. ಅವ್ರು ಎಲ್ಲಾದಕ್ಕೂ ಅಂಜತಿದ್ರು, ಖರೇ ಹೇಳಾಕ ಮಾತ್ರ ಅಂಜಲಿಲ್ಲ. ನಾ ಯಾವದಕ್ಕೂ ಅಂಜದಾಂವ ಅಂತ ಮೀಸಿ ತಿರುವಾಂವ.

ಇಪ್ಪತ್ತಾರನೇ ದಿನ ಗುಡ್ಡ ಕಂಡ್ವು. ಚಾಚಾನ ಹತ್ರ ಇನ್ನೂ ಎರಡ ಬಾಟಲಿ ನೀರ ಉಳದಿದ್ವು. ಧಕ್ಕೆಗೆ ಇಳದು, ನೆಲಕ್ಕ ಹಣಿ ಹಚ್ಚಿ, ಏಳೂ ಮುಂದ ನನ್ನ ಹೆಗಲಾ ಹಿಡಕೊಂಡು, "ನೋಡಿದೇನು? ಅಂಜಿದಾಂವ ಊರ ಮುಟ್ಟತಾನ" ಅಂದ್ರು. ಆಮ್ಯಾಲ ಕ್ಯಾಪ್ಟನ್ ಮಾತಿನಂಗ ಅವ್ರನ್ನ ವಿಮಾನಕ್ಕ ಹತ್ತಸಿ ಕಳಿಸಿದ. ಹೋಟೆಲಿನಾವ ಕೆಲಸಾ ಬಿಡಿಸಿದ. ನಾ ಇನ್ನೂ ಮೂರ ವರ್ಷ ಹಡಗಗಳ ಮ್ಯಾಲ ದುಡದೆ. ಚಲೋ ಕೆಲಸಗಾರ ಅಂತ ಹೆಸರೂ ಬಂತು.

ಊರಿಗೆ ಬಂದು ಟಿಕೋಟಾದಾಗ ಪಂಪ್ ರಿಪೇರಿ ಅಂಗಡಿ ಹಾಕಿದ ಮ್ಯಾಲ ಅವ್ರ ಮನಿಗೆ ಹೋಗಿ ಬರ್ತಿದ್ದೆ. ಸಿದ್ಧೇಶ್ವರ ಗುಡಿ ಕಡೆಯ ಮದವಿಗೂ ಅವ್ರೇ ಬೇಕು, ತಮ್ಮ ಮಂದಿ ನಿಕಾಕ್ಕೂ ಅವ್ರೇ ಬೇಕು, ಒಂದ ಕಾಲದಾಗ ಹಂತಾ ಕೈ ಅವರದು. ಈಗ ಕರಿಯಾಕ ಬಂದಾವರಿಗೆ ಕೈ ಮುಗದು ಕಳಸ್ತಿದ್ರು. "ಉಪ್ಪ ಹಾಕೇನೋ ಇಲ್ಲೋ ಅಂತ ನನಗ ನೆನಪಿರೂದಿಲ್ಲಪಾ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ಐನೂರು ಮಂದಿ ಊಟಾ, ಸಣ್ಣ ಮಾತಲ್ಲ" ಅಂತಿದ್ರು. ಮನ್ಯಾಗ ಬ್ಯಾಳಿ ಹದಾ ನೋಡ್ರಿ ಅಂತ ಚಾಚಿ ಅಂದ್ರೂ, ಆಕಿನ್ನೇ ಕರದು ನೀನೂ ನೋಡು ಅಂತಿದ್ರು. ಪ್ರತಿ ಸಲ ನಾ ಹೊಸ್ತಲಾ ದಾಟೂ ಮುಂದ ಇವತ್ತ ಹೇಳೇ ಬಿಡ್ತೇನಿ ಅಂತ ಗಟ್ಟಿ ಮಾಡಿಕೊಂಡು ಹೋಗ್ತಿದ್ದೆ.

"ಚಾಚಾ, ಒಂದ ಮಾತೈತಿ."

"ಹೇಳ ತಮ್ಮಾ."

"ಏನಿಲ್ರಿ, ಚಾ ಚಲೋ ಆಗೇತಿ."

ಹಿಂತಾ ಚಾ ಎಷ್ಟ ಕುಡದೆ ಲೆಕ್ಕ ಇಲ್ಲ.

ಬೇರಿಂಗ್ ಅಂಗಡಿಯಿಂದ ನೆಟ್ಟಗ ಆ ಓಣಿಗೆ ಹೋದೆ. ಅವತ್ತು ನೀರ ಬರು ದಿನ. ಓಣಿ ತುಂಬ ಮನಿ ಮನಿ ಮುಂದ ನಲ್ಲಿ ಬಿಟ್ಟು, ಕೆಳಗ ಕೊಡ ಇಟ್ಟು, ಹೆಣ್ಣಮಕ್ಕಳು ಒಳಗ ತಮ್ಮ ತಮ್ಮ ಕೆಲಸಾ ಮಾಡಾಕತ್ತಿದ್ರು. ಚಾಚಾನ ಅಂಗಳದಾಗ ಮಾತ್ರ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಅದರ ಮುಂದ ಒಂದ ಕಟಗಿ ಮಣಿ ಹಾಕಿಕೊಂಡು ಚಾಚಿ ಕುಂತಿದ್ರು. ಸ್ವಲ್ಪ ಹೊತ್ತಿಗೊಮ್ಮಿ ನಲ್ಲಿ ತಿರುವಿ ನೋಡೂದು, ಮತ್ತ ಮುಚ್ಚೂದು. ಮಣಕಾಲ ಬಾತಿದ್ವು. ಹಿಂದ ಬಂದಾಗೂ ಒಮ್ಮೊಮ್ಮಿ ಹಂಗ ಕುಂತದ್ದು ನೋಡಿದ್ದೆ, ಯಾಕಂತ ಕೇಳಿರಲಿಲ್ಲ.

ದುಃಖದ ಮಾತು ನಾಕ ಆದ ಮ್ಯಾಲ, "ಬಿಟ್ಟಿಟ್ಟು ಒಳಗ ಕುಂಡ್ರಬಾರದೇನ್ರಿ ಚಾಚಿ? ಎಲ್ಲಾರೂ ಬಿಟ್ಟಾರಲ್ಲಾ" ಅಂದೆ.

"ಅವ್ರು ಬಿಡಗೊಡ್ತಿರಲಿಲ್ಲಪಾ. ಹಡಗದಾಗ ನಲ್ಲಿ ಬಿಟ್ಟು ಮೂರ ಮಂದಿ ಜೀವಾ ತಗೀತಿದ್ದೆ, ನನ್ನ ಮನ್ಯಾಗ ಇನ್ನ ಮ್ಯಾಲ ನಲ್ಲಿ ಬಿಟ್ಟಿಡಬ್ಯಾಡ ಅಂತ ಆಣಿ ಹಾಕಸಿಕೊಂಡಿದ್ರು. ನೀರ ಬರು ದಿನ ಇಬ್ಬರೂ ಪಾಳಿ ಮಾಡಿ ಕುಂಡ್ರತಿದ್ವಿ. ಅವ್ರು ಹಾಸಿಗಿ ಹಿಡದ ಮ್ಯಾಲ ನಾನೊಬ್ಬಾಕೇ. ಆಣಿ ಆಣಿ ಅಲ್ಲೇನಪಾ, ಸತ್ತ್ರೂ?"

ನನ್ನ ಬಾಯಿ ಒಣಗಿತು. ಹಡಗದಾಗ ಸೈತ ಹಂಗ ಒಣಗಿರಲಿಲ್ಲ. ಆದ್ರೂ ಹೇಳಿದೆ.

"ಚಾಚಿ, ಆ ನಲ್ಲಿ ಬಿಟ್ಟಾಂವ ನಾನು."

ಚಾಚಿ ತಿರುವಾಕ ಎತ್ತಿದ ಕೈ ಹಂಗೇ ನಿಂತಿತು.

"ಅವ್ರು ನಿನ್ನ ಕೇಳಲಿಲ್ಲಾ?"

"ಕೇಳಿದ್ರು."

"ಏನಂದಿ?"

"ಇಲ್ಲ ಅಂದೆ."

ಬಯ್ಯಲಿ, ಚಪ್ಪಲಿ ತಗೊಳ್ಳಲಿ ಅಂತ ನಿಂತೆ. ಚಾಚಿ ನನ್ನ ಮಾರಿ ನೋಡಲಿಲ್ಲ, ನಲ್ಲಿ ನೋಡಿದ್ರು. ಆಮ್ಯಾಲ ಗ್ವಾಡಿ ಹಿಡಕೊಂಡು, ಮಣಕಾಲ ಒತ್ತಿಕೋತ ಎದ್ದರು.

"ಹನ್ನೊಂದು ವರ್ಷ ನಾ ಕುಂತೇನಿ. ಇವತ್ತ ನೀ ಕುಂಡ್ರಪಾ. ನಾ ಜರಾ ಮಲಗ್ತೇನಿ" ಅಂದ್ರು. ಒಳಗ ಹೋದ್ರು.

ಮಣಿ ಮ್ಯಾಲ ಕುಂತೆ. ತಿರುವಿದೆ, ಮುಚ್ಚಿದೆ. ತಿರುವಿದೆ, ಮುಚ್ಚಿದೆ. ಹೊತ್ತು ಇಳಿಯೂ ಮುಂದ ನೀರ ಬಂದ್ವು. ಕೊಡ, ಬಕೀಟು, ಪಾತೇಲಿ, ಕಡೀಕ ಚಾದ ಕಪ್ಪು ಸೈತ ತುಂಬಿಟ್ಟೆ. ನಲ್ಲಿ ಮುಚ್ಚಿದೆ. ಒಳಗ ಚಾಚಿ ಇನ್ನೂ ಮಲಗಿದ್ರು, ಎಬ್ಬಿಸಲಿಲ್ಲ. ಓಣಿ ತಿರುವಿನತನಕ ಹೋಗಿದ್ದೆ, ಮುಚ್ಚೇನೋ ಇಲ್ಲೋ ಅಂತ ಅನಸಾಕತ್ತಿತು. ಹೊಳ್ಳಿ ಬಂದು ಮುಟ್ಟಿ ನೋಡಿದೆ. ಮುಚ್ಚಿತ್ತು. ಎರಡ ಹೆಜ್ಜಿ ಹೋಗಿ ಮತ್ತ ಬಂದು ಮುಟ್ಟಿದೆ.